ಹನ್ನೊಂದನೆಯ ಊರಿಗೆ ಹೊರಟ ರೋವೀನಾ

ಬೆಳಗಿನ ಐದೂವರೆ. ಬಫಲೋ ಫೋರ್ಕ್ ಸಮುದಾಯ ಕಾಲೇಜಿನ ಹಿಂದಿನ ಅಂಗಳದಲ್ಲಿ ಒಂದು ಹಳದಿ ಬಸ್ಸು ಕೆಮ್ಮುತ್ತಿದೆ. ಏಪ್ರಿಲ್ ಬಂದಿದ್ದರೂ ಗಾಳಿ ಕಿವಿ ಕೊಯ್ಯುವ ಹಾಗಿದೆ. ಚಾಲಕರ ಸೀಟಿನಲ್ಲಿ ಕೂತ ರೋವೀನಾ ಪಿಕೆಟ್ ಒಂದು ಕೈಯಲ್ಲಿ ಕೀಲಿ ತಿರುವುತ್ತಾ, ಇನ್ನೊಂದರಲ್ಲಿ ಸ್ಟೀರಿಂಗ್ ಸವರುತ್ತಾ, ಹಟ ಹಿಡಿದ ಹಸುವನ್ನು ಪುಸಲಾಯಿಸುವಂತೆ ಬಸ್ಸಿನೊಡನೆ ಮಾತಾಡುತ್ತಿದ್ದಾರೆ.

“ಏಳೇ ನನ್ ತಾಯಿ. ಇವತ್ತೊಂದು ದಿನ ಮಾನ ಉಳ್ಸು. ನಾಳೆಯಿಂದ ಬೇಕಾದಷ್ಟು ಬಿದ್ಕೊಂಡಿರು.”

ಮತ್ತೊಮ್ಮೆ ಕೀಲಿ ತಿರುವಿದಾಗ ಇಂಜಿನ್ನು ಗುರುಗುಟ್ಟಿ ನಿಲ್ಲುತ್ತದೆ, ಮತ್ತೆ ಗುರುಗುಟ್ಟುತ್ತದೆ, ಈ ಸಲ ನಿಲ್ಲುವುದಿಲ್ಲ. ರೋವೀನಾ ಎರಡೂ ಕೈ ಮೇಲೆತ್ತಿ ಖಾಲಿ ಬಸ್ಸಿನಲ್ಲಿ ಒಬ್ಬರೇ ‘ಹೋ!’ ಎಂದು ಕೂಗುತ್ತಾರೆ. ಖಾಲಿ ಎಂದರೆ ಜನರಿಲ್ಲ ಅಷ್ಟೆ. ಹಿಂದಿನ ಸೀಟುಗಳ ತುಂಬ ಕಾಲೇಜಿನ ಅಡುಗೆಮನೆಯಲ್ಲಿ ಆಗಷ್ಟೇ ಬೆಂದ ದಾಲ್ಚಿನ್ನಿ ಬನ್ನುಗಳು, ಕಾಫಿಯ ದೊಡ್ಡ ಹಂಡೆ, ಕಾಗದದ ಲೋಟಗಳು. ಮುಂದಿನ ಸೀಟಿನ ಮೇಲೆ ಹನ್ನೊಂದು ಹಳೆಯ ಕಾಫಿ ಡಬ್ಬಿಗಳು. ಒಂದೊಂದರ ಮೇಲೂ ಒಂದೊಂದು ಊರಿನ ಹೆಸರು. ಬಸ್ಸಿನ ಪಕ್ಕೆಗೆ ಕಟ್ಟಿದ ಬಟ್ಟೆಯಲ್ಲಿ ಕೆಂಪಕ್ಷರಗಳು: ‘ಇವತ್ತು ಕೊಡುಗೆಯ ದಿನ.’

ಅರವತ್ತೊಂದರ ರೋವೀನಾ ಈ ಕಾಲೇಜಿನ ಪ್ರತಿಷ್ಠಾನದಲ್ಲಿ ಕಚೇರಿ ಸಹಾಯಕಿ. ಪ್ರತಿಷ್ಠಾನ ಎಂದರೆ ಏನೋ ದೊಡ್ಡ ಕಟ್ಟಡ ಎಂದುಕೊಳ್ಳಬೇಡಿ. ಗ್ರಂಥಾಲಯದ ಪಕ್ಕದ ಒಂದು ಕೋಣೆ, ಎರಡು ಮೇಜು. ಒಂದು ಮೇಜಿನಲ್ಲಿ ನಿರ್ದೇಶಕ ಕಿಪ್ ಲೇತ್ರಪ್, ಇನ್ನೊಂದರಲ್ಲಿ ರೋವೀನಾ. ಸುತ್ತಲಿನ ಊರುಗಳಿಂದ ಹಣ ಕೂಡಿಸಿ, ಕೈ ಸಾಗದ ವಿದ್ಯಾರ್ಥಿಗಳಿಗೆ ದಾಟಿಸುವುದು ಇಬ್ಬರ ಕೆಲಸ. ದೊಡ್ಡ ವಿಶ್ವವಿದ್ಯಾಲಯಗಳಿಗೆ ಕೊಡುವವರು ಸಾಲುಗಟ್ಟಿ ನಿಲ್ಲುತ್ತಾರೆ. ತಮ್ಮ ಹೆಸರಿನ ಕ್ರೀಡಾಂಗಣ ಬೇಕೆನ್ನುತ್ತಾರೆ. ದಾದಿಯರು, ಬೆಸುಗೆಯವರು, ಟ್ರ್ಯಾಕ್ಟರ್ ಮೆಕ್ಯಾನಿಕ್ಕುಗಳನ್ನು ತಯಾರು ಮಾಡುವ ಎರಡು ವರ್ಷದ ಕಾಲೇಜಿಗೆ ಯಾರು ಕೊಡುತ್ತಾರೆ? ಪಶ್ಚಿಮ ಕಾನ್ಸಾಸ್‌ನ ಗೋಧಿ ಹೊಲಗಳ ನಡುವೆ ಬಸ್ಸು ಓಡಿಸುತ್ತಾ ರೋವೀನಾ ಹುಡುಕುತ್ತಿರುವುದು ಅಂಥವರನ್ನೇ.

ಅವರು ನೋಡಿಕೊಳ್ಳುವ ನಿಧಿಗೆ ಕಾಗದಪತ್ರಗಳಲ್ಲಿ ಉದ್ದನೆಯ ಹೆಸರಿದೆ. ಎಲ್ಲರ ಬಾಯಲ್ಲಿ ಅದು ‘ಟೈರ್ ನಿಧಿ’. ಮೊದಲ ಸಲ ಅದರಿಂದ ಹಣ ಹೋದದ್ದು ಒಬ್ಬ ದಾದಿ ವಿದ್ಯಾರ್ಥಿನಿಯ ಕಾರಿನ ಟೈರಿಗೆ. ಟೈರು ಒಡೆದದ್ದಕ್ಕೆ ಆಕೆ ಎರಡು ವಾರ ತರಗತಿಗೆ ಬಂದಿರಲಿಲ್ಲ. ಓದು ಬಿಡುತ್ತೇನೆಂದು ಹೇಳಲು ಬಂದಿದ್ದಳು. ಆಮೇಲೆ ಬ್ಯಾಟರಿ, ಕನ್ನಡಕ, ಪರೀಕ್ಷೆಯ ಶುಲ್ಕ, ಕಬ್ಬಿಣದ ಮುಂಗಾಲಿನ ಬೂಟು, ಮಗು ನೋಡಿಕೊಳ್ಳುವವಳಿಗೆ ಒಂದು ವಾರದ ಸಂಬಳ. ಕೇಳಿದ ದಿನವೇ ಕೊಡಬೇಕು ಎನ್ನುವುದು ರೋವೀನಾ ಹಟ ಹಿಡಿದು ಮಾಡಿಸಿದ ನಿಯಮ.

“ಸಮಿತಿ ಕೂತು ಯೋಚ್ನೆ ಮಾಡೋ ಹೊತ್ತಿಗೆ ಆ ಹುಡುಗಿ ಎಲ್ಲೋ ಗಲ್ಲಾದ ಮುಂದೆ ನಿಂತು ಸಿಗರೇಟು ಮಾರ್ತಿರ್ತಾಳೆ. ಮತ್ತೆ ವಾಪಸ್ ಬರಲ್ಲ,” ಎಂದು ತಮ್ಮ ಕತೆ ಬರೆದುಕೊಳ್ಳಲು ಬಂದ ನಮಗೆ ಹೇಳುತ್ತಾರೆ.

ಇದು ಅವರಿಗೆ ಹೇಗೆ ಗೊತ್ತು? ರೋವೀನಾ ಹಾಗೆ ಹೋದವರೇ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಇಬ್ಬರು ಮಕ್ಕಳನ್ನು ಶಾಲೆಗೆ ಹಾಕಿದ ಮೇಲೆ, ಇದೇ ಕಾಲೇಜಿನಲ್ಲಿ ಲೆಕ್ಕಪತ್ರ ಕಲಿಯಲು ಸೇರಿದರು. ಬೆಳಿಗ್ಗೆ ಮತ್ತು ಮಧ್ಯಾಹ್ನ ಶಾಲೆಯ ಬಸ್ಸು ಓಡಿಸುವುದು, ನಡುವೆ ತರಗತಿ. ಗಂಡ ಡೆಲ್ ಧಾನ್ಯದ ಗೋದಾಮಿನಲ್ಲಿ ಬೆನ್ನು ಮುರಿದುಕೊಂಡು ಮನೆಯಲ್ಲಿದ್ದ. ಒಂದು ವರ್ಷ ದಾಟಿ ಮೂರನೆಯ ಸೆಮಿಸ್ಟರ್ ನಡೆಯುತ್ತಿದ್ದಾಗ ಮನೆಯ ಗಾಡಿಯ ಗೇರ್‌ಬಾಕ್ಸು ಕೈಕೊಟ್ಟಿತು. ಊರಿನಿಂದ ಕಾಲೇಜಿಗೆ ನಲವತ್ತು ಮೈಲಿ.

“ಯಾರೂ ನನ್ನ ಓಡಿಸ್ಲಿಲ್ಲ. ನಾನೇ ಸದ್ದಿಲ್ದೆ ಬಿಟ್ಟುಬಿಟ್ಟೆ. ಕೇಳಬಹುದು ಅಂತಾನೇ ಗೊತ್ತಿರ್ಲಿಲ್ಲ. ಗೊತ್ತಿದ್ರೂ ಕೇಳ್ತಿರ್ಲಿಲ್ಲ ಬಿಡಿ. ನಮ್ಮ ಕಡೆ ಜನ ಹಂಗೇ, ಬಾವಿಗೆ ಬಿದ್ರೂ ‘ಏನಿಲ್ಲ, ನೀರು ತಂಪಾಗಿದೆ’ ಅಂತೀವಿ.”

ಶಾಲೆಯ ಬಸ್ಸನ್ನು ಒಟ್ಟು ಇಪ್ಪತ್ತು ವರ್ಷ ಓಡಿಸಿದರು. ಮೊಣಕಾಲು ಮಾತು ಕೇಳದಾದಾಗ ಕಾಲೇಜಿನ ಪ್ರತಿಷ್ಠಾನದಲ್ಲಿ ಫೋನು ಎತ್ತುವ ಕೆಲಸ ಸಿಕ್ಕಿತು. ಆದರೆ ಫೋನಿನ ಪಕ್ಕ ಸುಮ್ಮನೆ ಕೂರುವ ಜಾಯಮಾನ ಅವರದ್ದಲ್ಲ. ಶಾಲೆಯವರು ಕೈಬಿಟ್ಟ ಒಂದು ಬಸ್ಸನ್ನು ತಂದು, ವರ್ಷಕ್ಕೊಂದು ದಿನ ಅದರಲ್ಲಿ ಊರೂರು ಸುತ್ತಿ ನಿಧಿ ಕೂಡಿಸೋಣ ಎಂದವರು ಅವರೇ. ಕಿಪ್ ಮೊದಲು ನಕ್ಕ. ಮೂವತ್ತೆರಡರ ಕಿಪ್ ಒಳ್ಳೆಯವನು, ಕೆಲಸದಲ್ಲಿ ಚುರುಕು, ಆದರೆ ಪಟ್ಟಣದವನು. ಒಂದು ಸಲ ಬಸ್ಸಿನಲ್ಲಿ ಕೂತು ಬಂದ ಮೇಲೆ ನಗುವುದನ್ನು ಬಿಟ್ಟ.

ಈ ವರ್ಷದ ಕೊಡುಗೆಯ ದಿನ ಮಾತ್ರ ಹಿಂದಿನ ಹಾಗಲ್ಲ. ಅದಕ್ಕೆ ಕಾರಣ ಎಂಬತ್ತಾರರ ಆರ್ಡಿತ್ ಡ್ರೈಲಿಂಗ್. ಬಿತ್ತನೆ ಗೋಧಿಯ ವ್ಯಾಪಾರದಲ್ಲಿ ಗಂಡನಿಗಿಂತ ಗಟ್ಟಿಗಿತ್ತಿ ಎನಿಸಿಕೊಂಡಿದ್ದ ಈ ಹಿರಿಯೆ ಮಾರ್ಚ್‌ನಲ್ಲಿ ಇಬ್ಬರನ್ನೂ ತಮ್ಮ ಅಡುಗೆಮನೆಗೆ ಕರೆಸಿಕೊಂಡಿದ್ದರು. ಕಿಪ್ ಕಂಪ್ಯೂಟರ್ ತೆರೆದು ಚಿತ್ರ, ಅಂಕಿಅಂಶ ಎಲ್ಲ ತೋರಿಸಿದ. ಆರ್ಡಿತ್ ಅದರ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು.

“ಸಾಕು ಕಣಪ್ಪ, ಕಣ್ಣು ನೋಯುತ್ತೆ. ಐವತ್ತು ಸಾವಿರ ಡಾಲರ್ ಕೊಡ್ತೀನಿ. ಬಡ್ಡಿಯಲ್ಲೇ ನಿಮ್ಮ ಟೈರ್ ನಿಧಿ ನಡೀಲಿ. ಆದ್ರೆ ಒಂದು ಷರತ್ತು. ಕಾಲೇಜಿಗೆ ಸೇರಿದ್ದು ಹನ್ನೊಂದು ಊರು. ಒಂದೊಂದು ಊರಿಂದಾನೂ ಒಬ್ಬರಾದ್ರೂ ಕೊಡ್ಬೇಕು. ಒಂದು ಡಾಲರ್ ಆದ್ರೂ ಆಯ್ತು. ಕೊಡುಗೆ ದಿನ ಸಂಜೆ ಆರು ಗಂಟೆಗೆ ಹನ್ನೊಂದು ಡಬ್ಬೀನೂ ನನ್ನ ಮುಂದಿರ್ಬೇಕು. ಒಂದು ಡಬ್ಬಿ ಖಾಲಿ ಬಂದ್ರೂ ನನ್ನ ಚೆಕ್ಕು ನನ್ನ ಕೈಚೀಲದಲ್ಲೇ ಇರುತ್ತೆ.”

“ಅಷ್ಟೇನಾ!” ಎಂದು ಕಿಪ್ ಹಿಗ್ಗಿದ. ರೋವೀನಾ ಮಾತ್ರ ಬೆರಳು ಮಡಿಚಿ ಊರು ಎಣಿಸಿದರು. ಹನ್ನೊಂದರಲ್ಲಿ ಒಂದು ಮಾರ್ಲ್.

ಮಾರ್ಲ್ ಜಿಲ್ಲೆಯ ತುದಿಯ ಊರು. ನೂರು ಚಿಲ್ಲರೆ ಜನ. ಕಾಲೇಜಿನ ಒಂದು ಸಣ್ಣ ಶಾಖೆ ಅಲ್ಲಿತ್ತು. ಬೆಸುಗೆ ಕಲಿಸುವ ಯಂತ್ರಗಳನ್ನು ಊರಿನವರೇ ಊಟ ಹಾಕಿ, ಹಣ್ಣಿನ ಪೈ ತಿಂಡಿ ಮಾರಿ, ಹಣ ಕೂಡಿಸಿ ಕೊಂಡುಕೊಟ್ಟಿದ್ದರು. ಒಂಬತ್ತು ವರ್ಷದ ಹಿಂದೆ, ಕಲಿಯುವವರು ಕಡಿಮೆಯಾದರೆಂದು ಆಗಿನ ಆಡಳಿತ ಶಾಖೆ ಮುಚ್ಚಿತು; ಯಂತ್ರಗಳನ್ನು ಲಾರಿಗೇರಿಸಿ ಬಫಲೋ ಫೋರ್ಕ್‌ಗೆ ಸಾಗಿಸಿತು. ಅಂದಿನಿಂದ ಮಾರ್ಲ್ ಕಾಲೇಜಿಗೆ ಬೆನ್ನು ತಿರುಗಿಸಿ ಕೂತಿದೆ. ಕಳೆದ ವರ್ಷ ರೋವೀನಾರ ಬಸ್ಸು ಬಂದಾಗ ಅಂಗಡಿಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡಿದ್ದವು.

ಅದನ್ನೆಲ್ಲ ಎದೆಯಲ್ಲಿಟ್ಟುಕೊಂಡೇ ಈ ಬೆಳಿಗ್ಗೆ ಬಸ್ಸು ಹೊರಟಿದೆ. ಆದರೆ ದಿನ ಶುರುವಾದ ಪರಿ ನೋಡಿದರೆ ಯಾವ ಕಲ್ಲಾದರೂ ಕರಗಬೇಕು. ಮೊದಲ ಊರಿನ ಗೋದಾಮಿನ ಮುಂದೆ ರೈತರು ಬಸ್ಸಿಗಾಗಿ ಕಾಯುತ್ತಾ ನಿಂತಿದ್ದಾರೆ. ಎರಡನೆಯದರಲ್ಲಿ ಕ್ಯಾಥೊಲಿಕ್ ಪಾದ್ರಿಯೂ ಲೂಥರನ್ ಪಾದ್ರಿಯೂ ಡಬ್ಬಿಯ ಎರಡು ಪಕ್ಕ ನಿಂತು, ಯಾರ ಕಡೆಯವರು ಹೆಚ್ಚು ಹಾಕುತ್ತಾರೆಂದು ಒಬ್ಬರನ್ನೊಬ್ಬರು ಕೆಣಕುತ್ತಿದ್ದಾರೆ.

“ನಿಮ್ಮವರ ಕೈ ಜೇಬಲ್ಲೇ ಸಿಕ್ಕಿಹಾಕ್ಕೊಂಡಿದೆಯಲ್ಲ ಫಾದರ್, ಬಿಡಿಸೋಕೆ ಬರ್ಲಾ?”

“ನಿಮ್ಮವರು ಹಾಡೋದು ಜೋರು, ಹಾಕೋದು ಮೆಲ್ಲಗೆ!”

ದನದ ಸಂತೆಯಲ್ಲಂತೂ ಜಾತ್ರೆ. ಹರಾಜು ಕೂಗುವವನು ಕರುಗಳ ಹರಾಜನ್ನು ನಡುವೆ ನಿಲ್ಲಿಸಿ, ರೋವೀನಾರ ಒಂದು ಬನ್ನನ್ನು ಮೇಲೆತ್ತಿ ಹಿಡಿದು ಕೂಗಲು ಶುರುಮಾಡುತ್ತಾನೆ. “ತಳಿ ನೋಡಿ, ಮೈಕಟ್ಟು ನೋಡಿ! ಹಲ್ಲು ನೋಡ್ಬೇಡಿ, ಇದಕ್ಕಿಲ್ಲ!” ಕೊಂಡವನು ಅದನ್ನೇ ತಿರುಗಿ ಕೊಟ್ಟು “ಇನ್ನೊಂದ್ಸಲ ಕೂಗು” ಎನ್ನುತ್ತಾನೆ. ಅದೇ ಬನ್ನು ಮತ್ತೆ ಮತ್ತೆ ಮಾರಾಟವಾಗಿ, ಕೊನೆಗೆ ಒಂದು ಹಾಲುಗರುವಿನ ಬೆಲೆ ತಂದು, ಯಾರದೋ ಅಜ್ಜಿಯ ಬಾಯಿ ಸೇರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಹತ್ತು ಡಬ್ಬಿಗಳು ಗಲಗಲ ಎನ್ನುತ್ತಿವೆ.

ಆಗ ಕಿಪ್‌ನ ಫೋನು. ಏದುಸಿರಿನ ದನಿ.

“ರೋವೀನಾ, ಮಾರ್ಲ್‌ಗೆ ಹೋಗ್ಬೇಡಿ! ಇಲ್ಲೇ ಒಂದು ದಾರಿ ಸಿಕ್ಕಿದೆ. ನಮ್ಮ ದಾಖಲಾತಿ ಕಚೇರಿಯ ಒಬ್ಬರ ಅತ್ತೆಗೆ ಮಾರ್ಲ್‌ನಲ್ಲಿ ಅಂಚೆಪೆಟ್ಟಿಗೆ ಇದೆಯಂತೆ. ಇರೋದು ಬೇರೆ ಊರಲ್ಲಿ, ಆದ್ರೆ ಕಾಗದಕ್ಕೆ ಮಾರ್ಲೇ. ಐದು ಡಾಲರ್ ಹಾಕ್ತಾರೆ. ಷರತ್ತು ಮುಗೀತು.”

“ಅದು ಮಾರ್ಲ್ ಕೊಟ್ಟ ಹಾಗಾಯ್ತಾ ಕಿಪ್?”

“ಸುಳ್ಳಂತೂ ಅಲ್ವಲ್ಲ! ಐವತ್ತು ಸಾವಿರ, ರೋವೀನಾ. ಅಲ್ಲಿ ಹೋಗಿ ಏನು ಮಾಡ್ತೀರಾ? ಮತ್ತೆ ಬಾಗಿಲು ಹಾಕ್ತಾರೆ.”

ಆಸೆ ಆಗಲಿಲ್ಲವೇ ಎಂದು ಆಮೇಲೆ ರೋವೀನಾರನ್ನು ಕೇಳಿದರೆ, “ಆಗದೆ ಏನು? ನನ್ ಮೊಣಕಾಲು ಆಗ್ಲೇ ಮನೆ ದಾರಿ ಹಿಡಿದಿತ್ತು” ಎಂದು ನಗುತ್ತಾರೆ. ಆದರೆ ಫೋನಿನಲ್ಲಿ ಅವರು ಹೇಳಿದ್ದು ಇಷ್ಟು: “ಇಪ್ಪತ್ತು ವರ್ಷ ಬಸ್ ಓಡಿಸಿದೀನಪ್ಪ. ಸಿಡುಕು ಮೂತಿ ಮಗು ಅಂತ ಒಂದನ್ನೂ ದಾರೀಲಿ ಬಿಟ್ಟು ಬಂದಿಲ್ಲ. ಇಡೀ ಊರನ್ನ ಬಿಟ್ಟು ಬರ್ಲಾ?”

ಮಾರ್ಲ್‌ನಲ್ಲಿ ಇರುವುದು ಒಂದೇ ಹೋಟೆಲು. ಹಳೆಯ ಬ್ಯಾಂಕಿನ ಕಟ್ಟಡದಲ್ಲಿ ಊರಿನವರೇ ಪಾಲು ಹಾಕಿ ನಡೆಸುತ್ತಾರೆ. ಬನ್ನಿನ ತಟ್ಟೆ ಮತ್ತು ಖಾಲಿ ಡಬ್ಬಿ ಹಿಡಿದು ರೋವೀನಾ ಒಳಗೆ ಕಾಲಿಟ್ಟಾಗ ಎಲ್ಲ ಮೇಜುಗಳ ಮಾತು ಒಟ್ಟಿಗೆ ನಿಲ್ಲುತ್ತದೆ. ಕಿಟಕಿಯ ಪಕ್ಕ ಕೂತವನು ಎಲ್ಡನ್ ಶ್ರಾಗ್. ಎಪ್ಪತ್ತು ದಾಟಿದ ಮೆಕ್ಯಾನಿಕ್. ಊರಿನ ಬೆಸುಗೆ, ಗಾಡಿ ರಿಪೇರಿ ಎಲ್ಲ ಅವನದೇ. ಆ ಯಂತ್ರಗಳಿಗಾಗಿ ಊಟದ ಕೂಟಗಳನ್ನು ನಡೆಸಿದವನೂ ಅವನೇ.

“ಬಾಗಿಲು ಹಾಕಮ್ಮ, ಗಾಳಿ ಬರುತ್ತೆ,” ಎನ್ನುತ್ತಾನೆ ಎಲ್ಡನ್. “ಆಚೆ ಹೋಗಿ ಹಾಕಿದ್ರೆ ಇನ್ನೂ ಒಳ್ಳೇದು.”

“ಹೋಗ್ತೀನಿ. ಒಂದು ಕಾಫಿ ಕುಡಿದು ಹೋಗ್ತೀನಿ. ದುಡ್ಡು ಕೊಟ್ಟೇ ಕುಡೀತೀನಿ,” ಎಂದು ರೋವೀನಾ ಅವನ ಎದುರಿನ ಕುರ್ಚಿಯನ್ನೇ ಎಳೆದು ಕೂರುತ್ತಾರೆ.

ಕಾಫಿ ತರುವ ಹುಡುಗಿಯ ಮುಖ ನೋಡಿದೊಡನೆ ರೋವೀನಾ ಕಣ್ಣನ್ನು ಲೋಟದ ಕಡೆ ಇಳಿಸುತ್ತಾರೆ. ಇಪ್ಪತ್ತಮೂರರ ಮಾರ್ನಿ ಶ್ರಾಗ್, ಎಲ್ಡನ್‌ನ ತಮ್ಮನ ಮಗಳು. ಕಾಲೇಜಿನಲ್ಲಿ ಉಸಿರಾಟದ ಚಿಕಿತ್ಸೆ ಕಲಿಯುತ್ತಿದ್ದಾಳೆ. ಓದುವುದು ಮನೆಯವರಿಗೆ ಗೊತ್ತು. ದೊಡ್ಡಪ್ಪನಿಗೆ ಅದು ಗಂಟಲ ಮುಳ್ಳು. ಓದಿಕೋ, ಆದರೆ ಆ ಕಾಲೇಜಿನವರ ಒಂದು ಕಾಸೂ ಮುಟ್ಟಬೇಡ ಎಂದು ಕಟ್ಟಪ್ಪಣೆ ಮಾಡಿದ್ದಾನೆ. ಜನವರಿಯ ಹಿಮದಲ್ಲಿ ಮಾರ್ನಿಯ ಕಾರಿನ ಇಂಜಿನ್ ಬೆಲ್ಟು ಕಿತ್ತುಹೋದಾಗ, ಕೋಟಿನ ತೋಳೊಳಗೆ ಕೈ ಅಡಗಿಸಿಕೊಂಡು ರೋವೀನಾರ ಮೇಜಿನ ಮುಂದೆ ಕೂತಿದ್ದಳು. “ನಮ್ಮೂರಲ್ಲಿ ಗೊತ್ತಾದ್ರೆ ನನ್ ಕತೆ ಮುಗೀತು ಮೇಡಂ” ಎಂದಿದ್ದಳು. ಅಂದೇ ಟೈರ್ ನಿಧಿಯಿಂದ ಕಾರು ರಿಪೇರಿಯಾಗಿತ್ತು.

ಸಹಾಯ ಪಡೆದವರ ಹೆಸರು ರೋವೀನಾರ ಬಾಯಿಂದ ಹೊರಬೀಳುವುದಿಲ್ಲ. ಅಂಗಡಿಯಲ್ಲಿ ಎದುರಾದರೂ, ಅವರಾಗಿ ಮಾತಾಡಿಸಿದರೆ ಮಾತ್ರ ಇವರು ಮಾತಾಡಿಸುತ್ತಾರೆ. ಈಗಲೂ ಅಷ್ಟೇ. ಮಾರ್ನಿ ಕಾಫಿ ಬಗ್ಗಿಸುತ್ತಾಳೆ, ರೋವೀನಾ ಪರಿಚಯವಿಲ್ಲದವರ ಹಾಗೆ “ಥ್ಯಾಂಕ್ಸ್” ಎನ್ನುತ್ತಾರೆ.

ಎಲ್ಡನ್ ಮಾತ್ರ ಒಂಬತ್ತು ವರ್ಷದ ಸಿಟ್ಟನ್ನು ಮೇಜಿನ ಮೇಲೆ ಸುರಿಯುತ್ತಾನೆ. “ಇಡೀ ಹಂದಿ ಸುಟ್ಟು ಊಟ ಹಾಕಿದ್ವಿ. ನನ್ ಹೆಂಡ್ತಿ ಒಂದು ಚಳಿಗಾಲ ಪೂರ್ತಿ ಕೌದಿ ಹೊಲಿದು ಅದಕ್ಕೆ ಲಾಟರಿ ಚೀಟಿ ಮಾರಿದ್ಳು. ಆ ದುಡ್ಡಲ್ಲಿ ತಂದ ಯಂತ್ರ ಅವು. ಒಂದು ಶುಕ್ರವಾರ ಲಾರಿ ಬಂತು, ಏರಿಸ್ಕೊಂಡು ಹೋದ್ರು. ಒಂದು ಮಾತು ಕೇಳ್ಲಿಲ್ಲ. ಈಗ ನೀನು ಬನ್ನು ತಂದಿದೀಯ!”

“ಅದು ತಪ್ಪು,” ಎನ್ನುತ್ತಾರೆ ರೋವೀನಾ. “ಆಗ ನಾನು ಕಾಲೇಜಲ್ಲಿರ್ಲಿಲ್ಲ. ಆದ್ರೆ ಇವತ್ತು ಅದರ ಹೆಸರು ಬರ್ಕೊಂಡಿರೋ ಬಸ್ಸಲ್ಲಿ ಬಂದಿದೀನಿ, ಹಂಗಾಗಿ ನನ್ ತಲೆ ಮೇಲೂ ಬರುತ್ತೆ. ಯಂತ್ರ ವಾಪಸ್ ಕೊಡಿಸ್ತೀನಿ ಅಂತ ಹೇಳೋಕೆ ನನಗೆ ಅಧಿಕಾರ ಇಲ್ಲ. ಕೇಳಿಸ್ಕೊಳ್ಳೋಕೆ ಕಿವಿ ಇದೆ.”

ಇಂಥ ಉತ್ತರವನ್ನು ಎಲ್ಡನ್ ನಿರೀಕ್ಷಿಸಿರಲಿಲ್ಲ. ಟೋಪಿ ಸರಿಮಾಡಿಕೊಂಡು ಇನ್ನೊಂದು ಬಾಣ ಬಿಡುತ್ತಾನೆ. “ಸರಿ. ನಿಮ್ಮ ಈ ಟೈರು ಗೀರಿನ ನಿಧಿಯಿಂದ ಮಾರ್ಲ್‌ಗೆ ಏನು ಬಂದಿದೆ? ನಮ್ಮೂರಿನ ಒಬ್ಬರ ಹೆಸರು ಹೇಳು. ಒಬ್ರೇ ಒಬ್ರು. ನಾನೇ ಮೊದ್ಲು ಜೇಬಿಗೆ ಕೈ ಹಾಕ್ತೀನಿ.”

ಕಾಫಿ ಜಗ್ಗು ಹಿಡಿದ ಮಾರ್ನಿ ಮೂರು ಮಾರು ದೂರದಲ್ಲಿ ಕಲ್ಲಿನಂತೆ ನಿಂತಿದ್ದಾಳೆ. ಒಂದು ಹೆಸರು ಹೇಳಿದರೆ ಸಾಕು. ಡಬ್ಬಿ ತುಂಬುತ್ತದೆ, ಚೆಕ್ಕು ಕೈಗೆ ಬರುತ್ತದೆ, ಮುಂದೆ ನೂರಾರು ಮಕ್ಕಳ ಓದು ನಡೆಯುತ್ತದೆ. ರೋವೀನಾ ತಲೆಯೆತ್ತಿ ಆ ಕಡೆ ನೋಡುವುದೇ ಇಲ್ಲ.

“ಹೇಳೋಕಾಗಲ್ಲ.”

“ಇದ್ರೆ ತಾನೇ ಹೇಳೋಕೆ!” ಎಂದು ಎಲ್ಡನ್ ಸುತ್ತ ನೋಡುತ್ತಾನೆ. ಜನ ನಗುತ್ತಾರೆ.

“ಇದ್ರೂ ಹೇಳಲ್ಲ, ಇಲ್ದಿದ್ರೂ ಹೇಳಲ್ಲ. ನಾಳೆ ನೀವೇ ಬಂದು ನನ್ ಮೇಜಿನ ಮುಂದೆ ಕೂತ್ರೆ ನಿಮ್ ಹೆಸರೂ ಯಾರಿಗೂ ಹೇಳಲ್ಲ.” ರೋವೀನಾ ಕಾಫಿಯ ದುಡ್ಡು ಇಟ್ಟು, ಬನ್ನಿನ ತಟ್ಟೆಯನ್ನು ಮೇಜಿನ ಮೇಲೆಯೇ ಬಿಟ್ಟು, ಖಾಲಿ ಡಬ್ಬಿ ಎತ್ತಿಕೊಳ್ಳುತ್ತಾರೆ. “ತಿನ್ನಿ, ಒಣಗಿಹೋಗುತ್ತೆ. ಇದಕ್ಕೇನೂ ಷರತ್ತಿಲ್ಲ.”

ಅವರ ಕೈ ಬಾಗಿಲ ಹಿಡಿಕೆಯ ಮೇಲಿದೆ. ಹಿಂದೆ ಯಾರೋ ಜಗ್ಗನ್ನು ಟಕ್ಕೆಂದು ಕುಕ್ಕಿದ ಸದ್ದು.

“ದೊಡ್ಡಪ್ಪ, ಜನವರೀಲಿ ನನ್ ಕಾರು ರಿಪೇರಿ ಮಾಡ್ಸಿದ್ದು ಯಾರು ಅನ್ಕೊಂಡಿದೀಯ?”

ಎಲ್ಡನ್ ತಿರುಗುತ್ತಾನೆ. “ನಿನ್ ಟಿಪ್ಸ್ ದುಡ್ಡಲ್ಲಿ ಅಂದ್ಯಲ್ಲೇ!”

“ಇಲ್ಲಿ ಯಾರು ಅಷ್ಟು ಟಿಪ್ಸ್ ಕೊಡ್ತಾರೆ? ನೀನಂತೂ ಕೊಡಲ್ಲ!” ಮಾರ್ನಿಯ ಕುತ್ತಿಗೆ ಕೆಂಪೇರಿದೆ, ಆದರೆ ಮಾತು ನಿಲ್ಲುತ್ತಿಲ್ಲ. “ಇವರು ಮಾಡ್ಸಿದ್ದು. ಇಲ್ದಿದ್ರೆ ಅವತ್ತೇ ಓದು ಬಿಟ್ಟಿರ್ತಿದ್ದೆ. ಈಗ ಅರ್ಧ ಗಂಟೆಯಿಂದ ನನ್ ಮುಖಾನೂ ನೋಡ್ದೆ ಕೂತಿದಾರೆ, ನನ್ ಮಾನ ಕಾಯೋಕೆ. ನೀವೆಲ್ಲ ನಗ್ತಿದೀರ.”

“ನಾನು ಮೆಕ್ಯಾನಿಕ್ಕು ಕಣೇ!” ಎಲ್ಡನ್ ಎದ್ದುನಿಂತಿದ್ದಾನೆ. ಸಿಟ್ಟಿಗಿಂತ ನೋವೇ ಹೆಚ್ಚು. “ನಾಕು ಮನೆ ಆಚೆ ನನ್ ಗ್ಯಾರೇಜಿದೆ. ಬೆಲ್ಟ್ ಹಾಕೋಕೆ ನನ್ನ ಕೇಳೋಕೆ ಏನಾಗಿತ್ತು ನಿನಗೆ?”

“ಕಾಲೇಜಿಗೆ ಹೋಗೋ ಕಾರು ಅಂತ ಹೆದರಿಕೆ! ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ನಾನು ಕಾಲೇಜು ಅಂದಿದ್ದಕ್ಕೆ ನೀನು ಟರ್ಕಿ ಕೋಳಿ ಕೊಯ್ಯೋ ಚಾಕು ಕೆಳಗಿಟ್ಟು ಮುಖ ಊದಿಸ್ಕೊಂಡು ಕೂತೆ. ನಾವೆಲ್ಲ ತಣ್ಣಗಾಗಿದ್ದು ತಿಂದ್ವಿ!”

ಮೂಲೆಯಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ಇನ್ನೊಬ್ಬರು. ಆಮೇಲೆ ಇಡೀ ಹೋಟೆಲು. ಮಾರ್ನಿ ಏಪ್ರನ್ನಿನ ಜೇಬಿನಿಂದ ಮಡಚಿದ ನೋಟೊಂದನ್ನು ತೆಗೆದು ಬಾಗಿಲವರೆಗೂ ನಡೆದುಬಂದು ಡಬ್ಬಿಗೆ ಹಾಕುತ್ತಾಳೆ. “ಇದು ಮಾರ್ಲ್‌ದು” ಎನ್ನುತ್ತಾಳೆ. ರೋವೀನಾ ಅವಳ ತೋಳು ಹಿಡಿದುಕೊಳ್ಳುತ್ತಾರೆ.

ಎಲ್ಡನ್ ಟೋಪಿ ತೆಗೆದು ಬೋಳು ತಲೆ ಉಜ್ಜಿಕೊಂಡು, ಕೊನೆಗೆ ಜೇಬಿಗೆ ಕೈ ಹಾಕುತ್ತಾನೆ. “ಮೊದ್ಲು ನಾನು ಹಾಕ್ತೀನಿ ಅಂದಿದ್ದೆ. ಈ ಹುಡುಗಿ ಅದನ್ನೂ ಕಿತ್ಕೊಂಡ್ಳು. ಆದ್ರೆ ನಾನೂ ಬರ್ತೀನಿ ನಿನ್ ಬಸ್ಸಲ್ಲಿ. ನಿಮ್ ಕಾಲೇಜಿನ ಅಧ್ಯಕ್ಷೆ ಮುಖ ನೋಡಿ ಒಂದು ಮಾತು ಕೇಳ್ಬೇಕು.”

“ಹತ್ತಿ,” ಎನ್ನುತ್ತಾರೆ ರೋವೀನಾ. “ಸೀಟು ಖಾಲಿ ಇದೆ.”

ಒಬ್ಬ ಹತ್ತಿದರೆ ಸಾಕೇ? ಹೋಟೆಲಿನ ಅರ್ಧ ಜನ ಹತ್ತುತ್ತಾರೆ. ಮಾರ್ನಿ ಬಾಗಿಲಿಗೆ ‘ಮುಚ್ಚಿದೆ’ ಫಲಕ ತಗುಲಿಸಿ ಓಡಿಬರುತ್ತಾಳೆ. ಹೊತ್ತು ಐದಾಗುತ್ತಿದೆ, ಎದುರುಗಾಳಿ ಬೇರೆ. ವೇಗ ಐವತ್ತು ದಾಟಿದರೆ ಬಸ್ಸಿಗೆ ನಡುಕ. ಹಾದಿಯ ನಡುವೆ ಟ್ರ್ಯಾಕ್ಟರೊಂದು ರಸ್ತೆಯ ಅಗಲಕ್ಕೂ ಬಿತ್ತನೆ ಯಂತ್ರ ಎಳೆದುಕೊಂಡು ಆಮೆಯಂತೆ ಸಾಗುತ್ತಿದೆ. ರೋವೀನಾ ಹಾರ್ನು ಹೊಡೆಯುತ್ತಾರೆ, ಪ್ರಯೋಜನವಿಲ್ಲ. ಎಲ್ಡನ್ ಕಿಟಕಿಯಿಂದ ಸೊಂಟದವರೆಗೂ ಹೊರಬಾಗಿ ಗಂಟಲು ಹರಿದುಕೊಳ್ಳುತ್ತಾನೆ:

“ಲೋ, ಸರಿಯೋ ಪಕ್ಕಕ್ಕೆ! ಆ ಟ್ರ್ಯಾಕ್ಟರಿಗೆ ಜೀವ ಕೊಟ್ಟಿದ್ದೇ ನಾನು, ಬಿಲ್ಲು ಇನ್ನೂ ಬಾಕಿ ಇದೆ!”

ಟ್ರ್ಯಾಕ್ಟರು ತಟ್ಟನೆ ಹೊಲಕ್ಕಿಳಿಯುತ್ತದೆ. ಬಸ್ಸಿನ ತುಂಬ ಶಿಳ್ಳೆ.

ಕಾಲೇಜಿನ ಆಟದ ಸಭಾಂಗಣದಲ್ಲಿ ಮಾಂಸ, ಕಾಳು ಹಾಕಿ ಬೇಯಿಸಿದ ಚಿಲಿಯ ಪಾತ್ರೆಗಳು ಹಬೆಯಾಡುತ್ತಿವೆ. ಖಾರದ ಚಿಲಿಯ ಜೊತೆ ಸಿಹಿ ಬನ್ನು, ಇಲ್ಲಿನ ಯಾವ ಕೂಟಕ್ಕೂ ಅದೇ ಊಟ. ಹತ್ತು ಊರಿನ ಜನ ಸೇರಿದ್ದಾರೆ. ಆರ್ಡಿತ್ ಮೊದಲ ಮೇಜಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಕಿಪ್ ಬಾಗಿಲಿಗೂ ಗಡಿಯಾರಕ್ಕೂ ನಡುವೆ ಓಡಾಡಿ ನೆಲ ಸವೆಸುತ್ತಿದ್ದಾನೆ. ಆರು ಹೊಡೆಯಲು ಇನ್ನೇನು ಎನ್ನುವಾಗ ಬಾಗಿಲು ದಡಾರನೆ ತೆರೆಯುತ್ತದೆ. ಎದೆಗವಚಿಕೊಂಡ ಡಬ್ಬಿಗಳೊಡನೆ ರೋವೀನಾ. ಅವರ ಹಿಂದೆ ಒಬ್ಬೊಬ್ಬರಾಗಿ ಮಾರ್ಲ್. ಸಭಾಂಗಣಕ್ಕೆ ಅದು ಯಾರೆಂದು ಗೊತ್ತಾಗಲು ಒಂದು ಗಳಿಗೆ ಬೇಕಾಗುತ್ತದೆ. ಆಮೇಲೆ ಎದ್ದ ಚಪ್ಪಾಳೆಗೆ ಮಾಡಿನ ತಗಡು ಅದುರುತ್ತದೆ.

ಆರ್ಡಿತ್ ಮಾರ್ಲ್‌ನ ಡಬ್ಬಿಯನ್ನಷ್ಟೇ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. “ಮಿಕ್ಕಿದ್ದು ನೋಡ್ಬೇಕಿಲ್ಲ. ನನಗಿದ್ದ ಅನುಮಾನ ಇದೊಂದೇ,” ಎಂದು ಕೈಚೀಲದ ಗುಂಡಿ ಬಿಚ್ಚುತ್ತಾರೆ. ಕಿಪ್ ಎಲ್ಲರೆದುರು ಅತ್ತುಬಿಡುತ್ತಾನೆ.

ಎಲ್ಡನ್ ಅತ್ತ ನೋಡುತ್ತಲೂ ಇಲ್ಲ. ನೇರ ಅಧ್ಯಕ್ಷೆ ಕೊರಿನ್ ಬೆಲ್ಚರ್ ಮುಂದೆ ನಿಂತು ಯಂತ್ರಗಳ ಕತೆ ಹೇಳುತ್ತಾನೆ. ಆಕೆ ಈ ಕಾಲೇಜಿಗೆ ಬಂದು ಎರಡು ವರ್ಷ.

“ನನಗೆ ಇದು ಗೊತ್ತಿರ್ಲಿಲ್ಲ. ಗೊತ್ತಿರ್ಬೇಕಿತ್ತು. ಕ್ಷಮಿಸಿ,” ಎನ್ನುತ್ತಾರೆ ಆಕೆ. “ಆದ್ರೆ ಸುಳ್ಳು ಭರವಸೆ ಕೊಡಲ್ಲ. ಶಾಖೆ ಮತ್ತೆ ತೆರೆಯೋಕಾಗಲ್ಲ. ಒಂದು ತರಗತಿ ನಡೆಸ್ಬೇಕು ಅಂದ್ರೂ ಆರು ಜನ ಸೇರ್ಬೇಕು. ಅಷ್ಟು ದೂರ ಬಂದು ಕಲಿಸೋರು ಯಾರು?”

“ದೂರ ಯಾಕೆ ಬರ್ಬೇಕು? ನಾನು ಸತ್ತಿದೀನಾ?”

“ಕೂತು ಮಾತಾಡ್ರಪ್ಪ,” ಎಂದು ಆರ್ಡಿತ್ ಕುರ್ಚಿ ತೋರಿಸುತ್ತಾರೆ. “ಚಿಲಿ ಆರುತ್ತೆ.”

ಮರುವಾರ ಜಿಲ್ಲೆಯ ಪತ್ರಿಕೆಯಲ್ಲಿ ಚೆಕ್ಕಿನ ಫೋಟೋ ಬಂತು. ಆರ್ಡಿತ್ ಇದ್ದಾರೆ, ಅಧ್ಯಕ್ಷೆ ಇದ್ದಾರೆ, ಕೆಂಪು ಮೂಗಿನ ಕಿಪ್ ಇದ್ದಾನೆ. ರೋವೀನಾ ಇಲ್ಲ. ಫೋಟೋ ತೆಗೆದದ್ದು ಅವರು.

ಸೆಪ್ಟೆಂಬರ್‌ನ ಮಂಗಳವಾರದ ಸಂಜೆ. ಮಾರ್ಲ್‌ನ ಎಲ್ಡನ್ ಗ್ಯಾರೇಜಿನಲ್ಲಿ ಎರಡು ಯಂತ್ರಗಳು ವಾಪಸ್ಸು ಬಂದು ಕೂತಿವೆ. ಕಾಲೇಜಿನ ತರಗತಿ, ಕಾಲೇಜಿನ ಅಂಕ, ಮಾಸ್ತರು ಎಲ್ಡನ್. ಹೆಸರು ಕೊಡುವ ಕೊನೆಯ ದಿನದವರೆಗೂ ಸೇರಿದವರು ಐವರೇ. ಐವರಾದರೆ ತರಗತಿ ರದ್ದು. ಕಿಪ್ ತಲೆಮೇಲೆ ಕೈಹೊತ್ತು ಕೂತಿದ್ದಾಗ ರೋವೀನಾ ಎದ್ದುಹೋಗಿ, ಆರನೆಯವರಾಗಿ ಹೆಸರು ಬರೆಸಿ, ತಮ್ಮ ದುಡ್ಡಿನಲ್ಲೇ ಶುಲ್ಕ ಕಟ್ಟಿ ಬಂದರು.

“ಊರಿಗೋಸ್ಕರ ಅಂತ ಬರೀಬೇಡಿ,” ಎನ್ನುತ್ತಾರೆ. “ನನಗೇ ಆಸೆ. ಕಿಡಿ ಹಾರೋದು ನೋಡಿದ್ರೆ ಕುಣಿಯೋಣ ಅನ್ಸುತ್ತೆ.”

ಚರ್ಮದ ಕೈಗವಸು, ಮುಖಕ್ಕೆ ಕಪ್ಪು ಮುಸುಕು. ಎರಡು ಕಬ್ಬಿಣದ ಪಟ್ಟಿಗಳನ್ನು ಕೂಡಿಸುವುದು ಇವತ್ತಿನ ಪಾಠ. ಬೆಳಕು ಚಿಮ್ಮುತ್ತದೆ, ರೋವೀನಾರ ಕೈ ಒಮ್ಮೆ ನಿಲ್ಲುತ್ತದೆ, ಮತ್ತೆ ಮುಂದುವರಿಯುತ್ತದೆ. ಆರಿದ ಮೇಲೆ ಎಲ್ಡನ್ ಅದನ್ನು ಇಕ್ಕಳದಲ್ಲಿ ಎತ್ತಿ ದೀಪಕ್ಕೆ ಹಿಡಿಯುತ್ತಾನೆ.

“ಕೋಳಿ ಕೆದರಿದ ಹಾಗಿದೆ.”

“ಅಂದ ಕೇಳಿದವರು ಯಾರು? ಹಿಡ್ಕೊಂಡಿದೆಯಾ ಅದು ಹೇಳಿ.”

ಎಲ್ಡನ್ ಪಟ್ಟಿಯನ್ನು ಮೇಜಿನ ವೈಸಿಗೆ ಸಿಕ್ಕಿಸಿ ಬಿಗಿದು ಸುತ್ತಿಗೆಯಿಂದ ಒಂದೇಟು ಹಾಕುತ್ತಾನೆ. ಬಲವಾಗಿ ಇನ್ನೊಂದು. ಪಟ್ಟಿ ಬಾಗುತ್ತದೆ, ಬೆಸುಗೆ ಬಿಡುವುದಿಲ್ಲ. ಅವನು ಸುತ್ತಿಗೆ ಕೆಳಗಿಟ್ಟು, ಬೇರೆಯವರ ಕೆಲಸ ನೋಡಲು ಹೊರಡುತ್ತಾ, ತಿರುಗದೆಯೇ ಹೇಳುತ್ತಾನೆ:

“ಹಿಡ್ಕೊಂಡಿದೆ.”

ಮುಸುಕನ್ನು ಹಣೆಯ ಮೇಲಕ್ಕೆ ಸರಿಸಿದ ರೋವೀನಾರ ಮುಖವೆಲ್ಲ ಬೆವರು, ಮಸಿ. “ಕೇಳಿದ್ರಾ?” ಎಂದು ನಮ್ಮತ್ತ ತಿರುಗುತ್ತಾರೆ. “ಬರ್ಕೊಳ್ಳಿ, ಅದನ್ನ ಬರ್ಕೊಳ್ಳಿ.”